ಭಾವನ ರಷ್ಯನ್ ಪುರಸಭೆ

ನಮ್ಮ ಭಾವ ರಷ್ಯಾದ ಒಂದು ಪುರಸಭೆಯನ್ನು ನಡೆಸುತ್ತಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಆ ಪುರಸಭೆಯವರಿಗೂ ಇದು ಗೊತ್ತಿಲ್ಲ! ಹಗಲೆಲ್ಲ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡಿ ಲೂಯಿಸ್‌ವಿಲ್‌ನ ಮನೆಗೆ ಬಂದವರೇ ಸೋಫಾದ ಮೇಲೆ ಅಧ್ಯಕ್ಷಗಿರಿಗೆ ಕೂರುತ್ತಾರೆ. ಸೈಬೀರಿಯಾದಲ್ಲಿ ಆಗ ಬೆಳಗಾಗಿರುತ್ತದೆ. ಅಲ್ಲಿಯ ಯಾವುದೋ ಪುಟ್ಟ ಕಲ್ಲಿದ್ದಲು ಊರಿನ ಕೌನ್ಸಿಲ್ ಸಭೆ ಟಿ.ವಿ.ಯಲ್ಲಿ, ಅನುವಾದ ಫೋನಿನಲ್ಲಿ, ಮೊಸರನ್ನದ ತಟ್ಟೆ ತೊಡೆಯ ಮೇಲೆ. ಭಾವ ಆ ಊರಿಗೆ ಹೋದವರಲ್ಲ, ಅಲ್ಲಿಯ ಒಬ್ಬರನ್ನೂ ಕಂಡವರಲ್ಲ.

ಹೋದ ಆಗಸ್ಟ್‌ನಲ್ಲಿ ಇಲ್ಲಿ ಚಪ್ಪಲಿ ನೆಲಕ್ಕಂಟುವ ಬಿಸಿಲು. ಭಾವ ಮಾತ್ರ ಚಳಿಯ ಚಿಂತೆಯಲ್ಲಿ ಕಂಗಾಲು!

"ಬಾಯ್ಲರ್ ಮನೆ ಪೈಪ್ ಇನ್ನೂ ರಿಪೇರಿ ಆಗಿಲ್ಲ. ಊರಿನ ಮನೆಗಳನ್ನ ಬೆಚ್ಚಗಿಡೋ ಬಿಸಿನೀರು ಅಲ್ಲಿಂದಲೇ ಹೋಗ್ಬೇಕು!"

"ರೀ, ನಮ್ಮ ಬಾತ್‌ರೂಮಿನ ನಲ್ಲಿ ಸೋರೋಕೆ ಶುರುವಾಗಿ ಯಾವ ಕಾಲವಾಯ್ತು! ಊರ ಉಸಾಬರಿ ನಮಗ್ಯಾಕೆ?" ಎಂದಳು ಅಕ್ಕ.

"ನಮ್ದು ಬರೀ ನಲ್ಲಿ ಕಣೇ. ಅಲ್ಲಿ ಮೇನ್ ಪೈಪೇ ತುಕ್ಕು ಹಿಡಿದಿದೆ!"

ಕೊನೆಗೆ ಪ್ಲಂಬರನ್ನು ಕರೆಸಿದವಳು ನಾನು. ಭಾವ ಅವನಿಗೆ ಕಾಫಿ ಕೊಟ್ಟು, ರಷ್ಯಾದ ಪೈಪಿನ ಫೋಟೋ ತೋರಿಸಿ ಸಲಹೆ ಕೇಳಿದರು!

ಡಾಲಸ್‌ನ ರಾಜ್ಯೋತ್ಸವದಲ್ಲಿ 'ನಮ್ಮೂರು' ಎಂದು ಒಬ್ಬೊಬ್ಬರು ಎರಡು ನಿಮಿಷ ಮಾತಾಡಬೇಕಿತ್ತು. ಮೈಸೂರು, ಧಾರವಾಡ ಎಲ್ಲ ಮುಗಿದ ಮೇಲೆ ಭಾವ ಮೈಕ್ ಹಿಡಿದರು. "ಮೊದಲು ಗಣಿ ಬಂತು. ಆಮೇಲೆ ಕಾರ್ಮಿಕರಿಗೆ ಮರದ ಶೆಡ್ಡು, ಶಾಲೆ, ಸ್ನಾನದ ಮನೆ, ಕ್ಲಬ್ಬು..." ಊರಿಗೆ ಪಟ್ಟಣದ ದರ್ಜೆ ಸಿಕ್ಕಿ ಮೊದಲ ಕೌನ್ಸಿಲ್ ಕೂರುವ ಹೊತ್ತಿಗೆ ಅರ್ಧ ಗಂಟೆ ಕಳೆದು ಬಿಸಿಬೇಳೆಬಾತ್ ಆರಿಹೋಗಿತ್ತು.

"ಇವರ ಊರು ಯಾವ ಜಿಲ್ಲಾದಾಗ ಬರ್ತದ?" ಎಂದು ಹುಬ್ಬಳ್ಳಿಯ ಆಂಟಿಯೊಬ್ಬರು ನನ್ನ ಕಿವಿಯಲ್ಲಿ ಕೇಳಿದರು.

"ಸೈಬೀರಿಯಾ, ಆಂಟಿ."

"ಹಂಗಾರ ನಮ್ಮ ಕಡೆ ಅಲ್ಲ ಬಿಡವಾ!"

ಈ ವಸಂತದಲ್ಲಿ ಬಂತು ನೋಡಿ ಗಂಡಾಂತರ. ಅಲ್ಲಿಯ ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ, ಜನ ಕಡಿಮೆಯಾಗಿದ್ದಾರೆ. ಆದ್ದರಿಂದ ಕೌನ್ಸಿಲ್ ರದ್ದು ಮಾಡಿ ಊರನ್ನು ಪಕ್ಕದ ದೊಡ್ಡ ಪಟ್ಟಣಕ್ಕೆ ಸೇರಿಸಬೇಕಂತೆ. ಭಾವ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟರು. ತೀರ್ಮಾನದ ಸಂಜೆ ನಾವು ಒಂದು ಗೃಹಪ್ರವೇಶಕ್ಕೆಂದು ಹ್ಯೂಸ್ಟನ್‌ಗೆ ಹೊರಟಿದ್ದೆವು. ನಾನು ಡ್ರೈವ್ ಮಾಡುತ್ತಿದ್ದೆ, ಪಕ್ಕದಲ್ಲಿ ಭಾವ ಫೋನ್ ಹಿಡಿದು ಸಭೆ ನೋಡುತ್ತಿದ್ದರು.

"ರದ್ದು ಮಾಡೋಕೆ ಎಲ್ಲರೂ ಕೈ ಎತ್ತಿಬಿಟ್ರು," ಎಂದರು. ಫೋನ್ ಆರಿಸಿದರು. "ಗಣಿ ಮುಚ್ಚಿತು ಅಂತ ಊರನ್ನೂ ಮುಚ್ಚಿಬಿಡೋದೇನಮ್ಮಾ?"

ಏನೋ ತಮಾಷೆ ಮಾಡಹೊರಟವಳು ಅವರ ಮುಖ ನೋಡಿ ಕಾರಿನ ವೇಗ ತಗ್ಗಿಸಿದೆ. ಭಾವ ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿ. ಅವರಪ್ಪ ಗಣಿಗೆ ಇಳಿಯುತ್ತಿದ್ದವರು. ಮದುವೆ ಮಾತುಕತೆಯಲ್ಲೇ ಇದು ನಮಗೆಲ್ಲ ಗೊತ್ತಾಗಿತ್ತು. ಆದರೆ ಮುಚ್ಚಿಹೋದ ಆ ಗಣಿಯ ಊರಿನ ಮಾತನ್ನು ಭಾವ ನಮ್ಮೆದುರು ಒಂದು ದಿನವೂ ಎತ್ತಿದ್ದಿಲ್ಲ.

"ಭಾವ, ಈ ಸಲ ರಾಜ್ಯೋತ್ಸವದಲ್ಲಿ ನಿಮ್ಮೂರಿನ ಬಗ್ಗೆನೇ ಮಾತಾಡಿ," ಎಂದೆ.

"ಅಪ್ಪ ಶಿಫ್ಟಿಗೆ ಹೊರಡೋ ಹೊತ್ತಿಗೆ ಸೈರನ್ ಕೂಗೋದು..." ಎಂದು ಶುರು ಮಾಡಿದರು. ಅಷ್ಟಕ್ಕೇ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು. ಸೈಬೀರಿಯಾಕ್ಕೆ ಅರ್ಧ ಗಂಟೆ ಸಾಲದ ಮನುಷ್ಯ!

ಹಿಂದಿನ ಸೀಟಿನಿಂದ ಅಕ್ಕ ಕೈ ಚಾಚಿ ಅವರ ಭುಜ ಹಿಡಿದಳು.

"ನಿಧಾನವಾಗಿ ಹೇಳಿ," ಎಂದಳು. "ಹ್ಯೂಸ್ಟನ್ ಇನ್ನೂ ದೂರ ಇದೆ."