ಚೆನ್ನಿಗೆ ಕೊಟ್ಟ ಬಹುವಚನ

ಇತ್ತೀಚೆಗೆ ಏನು ಓದಿದಿರಿ, ಈಗ ಏನು ಓದುತ್ತಿದ್ದೀರಿ, ಮುಂದೇನು ಓದುವಿರಿ ಎಂದು ಸ್ನೇಹಿತರು ಕೇಳಿದರೆ ಮೂರಕ್ಕೂ ಒಂದೇ ಹಳೆಯ ಕಾದಂಬರಿಯನ್ನು ತೋರಿಸಬೇಕಾದ ಸ್ಥಿತಿಯಲ್ಲಿದ್ದೇನೆ. ಅದು ಮಹಾಕೃತಿಯೆಂದಲ್ಲ, ಅದನ್ನು ಓದಿ ನಾನು ಕೆಡಿಸಿದ್ದು ಇನ್ನೂ ಸರಿಹೋಗಿಲ್ಲ. ಅನ್ಯಾಯ ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಬೆಳೆದವಳು ನಾನು. ಅಲ್ಲಿ ಗುರುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದೆವು, ಕಸ ಗುಡಿಸುವವರನ್ನು ಬಹುವಚನದಲ್ಲಿ. ಹೀಗಾಗಿ ಪುಸ್ತಕ ಹಿಡಿದರೆ ನನಗೆ ಪೆನ್ಸಿಲ್ ಬೇಕೇ ಬೇಕು. ಅಂಚಿನಲ್ಲಿ ‘ಪುರುಷಾಹಂಕಾರ’, ‘ಜಮೀನ್ದಾರಿ ದರ್ಪ’ ಎಂದು ಬರೆಯುತ್ತ ಕೊನೆಯ ಪುಟ ತಲುಪುವಷ್ಟರಲ್ಲಿ ಕಥೆ ಏನಿತ್ತೆಂಬುದು ಮರೆತಿರುತ್ತದೆ.

ಬೇಗೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ರತ್ನಮ್ಮನವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಟಿ.ವಿ. ನಿಷಿದ್ಧವಾದ್ದರಿಂದ, ಸಂಜೆ ಏನಾದರೂ ಓದಿ ಹೇಳಿ ಎಂದರು. ನನಗೆ ಒಳಗೊಳಗೇ ಒಂದು ಉದ್ದೇಶವಿತ್ತು. ಹಿತ್ತಲಿನ ಕೋಣೆಯಲ್ಲಿದ್ದ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಶಾಂತವ್ವನವರನ್ನು ತಿಂಗಳ ಕೊನೆಗೆ ಹೊರಡಿಸಿ ಅಲ್ಲಿ ಪಿ.ಜಿ. ಮಾಡಲು ರತ್ನಮ್ಮನವರ ಮಗ ಹೊರಟಿದ್ದ. ತಾಯಿ ಬೇಡವೆಂದರೆ ಅದು ನಿಲ್ಲುತ್ತಿತ್ತು. ನೇರವಾಗಿಯೇ ಕೇಳಿಕೊಳ್ಳಬಹುದಿತ್ತು, ಆದರೆ ಸಾಹಿತ್ಯದ ಶಕ್ತಿಯಲ್ಲಿ ನನಗೆ ಅಪಾರ ನಂಬಿಕೆ. ಶಂಕರನೆಂಬ ಸಾಹುಕಾರ ಅಡುಗೆಯ ಚೆನ್ನಿಯನ್ನು ಹೊರಗಟ್ಟುವ ಕಾದಂಬರಿಯನ್ನೇ ಆರಿಸಿದೆ.

ಲೇಖಕರ ಆಶಯ ಒಳ್ಳೆಯದು, ವ್ಯಾಕರಣ ಮಾತ್ರ ಊಳಿಗಮಾನ್ಯದ್ದು. ಸಾಹುಕಾರರು ‘ಬಂದರು’, ಚೆನ್ನಿ ‘ಬಂದಳು’. ನನ್ನ ಬಾಯಿಂದ ಅದು ಹೇಗೆ ಹೊರಡಬೇಕು? ಓದುತ್ತಲೇ ತಿದ್ದಿದೆ. ಚೆನ್ನಮ್ಮನವರು ಬಂದರು, ಶಂಕರ ಜಗಲಿಯ ಮೇಲೆ ಕುಳಿತ. ‘ಸಾಹುಕಾರ’ ಎಂಬ ಪದವನ್ನು ಕೈಬಿಟ್ಟೆ. ‘ಅಡುಗೆಯಾಳು’ ಎಂದಿದ್ದಲ್ಲಿ ‘ಮನೆಯ ಅನ್ನದ ಹೊಣೆ ಹೊತ್ತವರು’ ಎಂದೆ. ಬೈಗುಳಗಳನ್ನು ಮತ್ತೆ ಉಚ್ಚರಿಸುವುದೂ ಹಿಂಸೆಯೇ ಎಂದು ಅವನ್ನೆಲ್ಲ ಹಾರಿಸಿದೆ. ಚೆನ್ನಮ್ಮನವರು ಗಂಟು ಹೊತ್ತು ಹೊಸ್ತಿಲು ದಾಟಿದ ಸಂಜೆ ರತ್ನಮ್ಮನವರ ಕಪ್ಪು ಕನ್ನಡಕದ ಕೆಳಗೆ ನೀರಿಳಿಯಿತು. ಗೆದ್ದೆ ಎಂದುಕೊಂಡೆ.

“ಪಾಪ ಮೇಡಂ, ಆ ಶಂಕ್ರ!” ಎಂದರು.

“ಶಂಕರನೇ?”

“ಮತ್ತೆ? ಯಜಮಾನ್ತಿ ಅಂಗೆ ಎದ್ದೋಗ್ಬಿಟ್ರೆ ಜಗಲಿ ಮೇಲ್ ಬಿದ್ದಿರೋ ಆಳಿಗೆ ಅನ್ನ ಇಕ್ಕೋರ್ಯಾರು? ಆಯಮ್ಮಂಗೇನು, ಇನ್ನೊಂದ್ ಮನೆ ಇರ್ತದೆ. ಬಾಡ್ಗೆ ಬತ್ತದೆ.”

ನಾನು ಗಾಬರಿಯಾಗಿ, ಆಳು ಚೆನ್ನಿ, ಸಾಹುಕಾರ ಶಂಕರ ಎಂದು ಬಿಡಿಸಿ ಹೇಳಿದೆ. ಭಾಷೆಯೊಳಗಿನ ಅಸಮಾನತೆಯ ಕುರಿತು ಪುಟ್ಟ ಉಪನ್ಯಾಸವನ್ನೂ ಕೊಟ್ಟೆ.

“ಏನ್ ಮೇಡಂ ನೀವು! ಅವ್ಳನ್ನ ಅವ್ರು ಇವ್ರು ಅಂತ ಮೆರೆಸ್ಬಿಟ್ರೆ ಅವ್ಳ್ ಕಷ್ಟ ನಂಗೆಂಗ್ ಗೊತ್ತಾಗ್ಬೇಕು? ಬರ್ದಿರೋದ್ನ ಬರ್ದಂಗೆ ಓದಿ ಮೊದ್ಲಿಂದ.”

ಕಥೆ ಸರಿಯಾಗಿ ಮುಟ್ಟಲಿ ಎಂದು ಶಾಂತವ್ವನವರ ಮಾತನ್ನು ಆಗಲೂ ಎತ್ತಲಿಲ್ಲ. ಹಲ್ಲು ಕಚ್ಚಿಕೊಂಡು, ಒಂದಕ್ಷರವನ್ನೂ ತಿದ್ದದೆ ಓದತೊಡಗಿದೆ. ಹೊಸ್ತಿಲಿನ ಪುಟ ಮತ್ತೆ ಬರುವಷ್ಟರಲ್ಲಿ ತಿಂಗಳು ಕಳೆದು ಶಾಂತವ್ವನವರು ಹೊರಟುಹೋಗಿದ್ದರು. ಹಿತ್ತಲಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು. ಅದಕ್ಕಿಂತ ಗಟ್ಟಿಯಾಗಿ ಓದಬೇಕಾಯಿತು. ‘ಹೋಗೇ, ಎಲ್ಲಾದರೂ ಸಾಯಿ’ ಎಂದರು ಸಾಹುಕಾರರು. ಚೆನ್ನಿ ಹೊರಟಳು.

ರತ್ನಮ್ಮನವರು ಕೈಯೆತ್ತಿ ಓದು ನಿಲ್ಲಿಸಿದರು. ಆಮೇಲೆ, “ಶಾಂತವ್ವಂಗೆ ಒಂದ್ ಫೋನ್ ಹಾಕಿ ಮೇಡಂ. ಮುಂದ್ಗಡೆ ರೂಮ್ ಐತೆ, ಬಂದ್ಬಿಡು ಅನ್ನಿ. ನನ್ ಮಗನ್ ತಾವ ನಂಬರ್ ಇಲ್ವಂತೆ. ನೀವಾದ್ರೆ ದಿನಾ ಮಾತಾಡುಸ್ತಿದ್ರಲ್ಲ” ಎಂದರು.

ಫೋನು ಕೈಗೆತ್ತಿಕೊಂಡೆ. ಗೇಟಿನಲ್ಲಿ ಎದುರಾದಾಗಲೆಲ್ಲ ‘ಚೆನ್ನಾಗಿದ್ದೀರಾ, ಊಟವಾಯಿತೇ’ ಎಂದು ಅವರನ್ನು ತಪ್ಪದೆ ಬಹುವಚನದಲ್ಲೇ ವಿಚಾರಿಸುತ್ತಿದ್ದೆ. ನಂಬರು ಮಾತ್ರ ಕೇಳಿರಲಿಲ್ಲ.