ಪೇಂಟರನ ಬೋಳು ಕೈ

ಗಂಡನ ಬಾಯಿಂದ ಬರುವ ಮಾತಿನ ಅರ್ಥವನ್ನು ತನ್ನಷ್ಟು ಬಲ್ಲವರು ಭೂಮಂಡಲದಲ್ಲೇ ಇಲ್ಲ ಎಂದು ಟೈಲರಮ್ಮ ಎದೆ ತಟ್ಟಿ ಹೇಳುತ್ತಿದ್ದಳು. ಹೊಲಿಸಲು ಬಟ್ಟೆ ತಂದವರೆಲ್ಲ ಇದನ್ನು ಕೇಳಿಯೇ ಹೋಗಬೇಕು. ಗಂಡ ಪೇಂಟರ್. ಗೋಡೆಗೆ ಬಣ್ಣ ಹೊಡೆದೂ ಹೊಡೆದೂ ಅವನ ನಾಲಿಗೆಗೆ ಅದೊಂದೇ ಮಾತು ಅಂಟಿಕೊಂಡಿತ್ತು. ಚಹಾ ಹೊಡೆಯುತ್ತಿದ್ದ, ಹರಟೆ ಹೊಡೆಯುತ್ತಿದ್ದ, ಉಂಡ ಮೇಲೆ ಬೀದಿಯಲ್ಲಿ ಒಂದು ರೌಂಡ್ ಹೊಡೆದು ಬಂದು ನಿದ್ದೆ ಹೊಡೆಯುತ್ತಿದ್ದ. "ಒಂದು ಹೊಡಿ" ಎಂದು ಕಿವಿಯ ಬಳಿ ಕೈ ಹಿಡಿದರೆ ಫೋನು, ಅಂಗಿ ಚಾಚಿದರೆ ಇಸ್ತ್ರಿ, ಸುತ್ತಿಗೆ ಕೊಟ್ಟರೆ ಮೊಳೆ. ಇಡೀ ಸಂಸಾರ ಒಂದೇ ಕ್ರಿಯಾಪದದ ಮೇಲೆ ಸುಖವಾಗಿ ನಡೆದಿತ್ತು.

ಅಂಥವನು ಒಂದು ಬೆಳಿಗ್ಗೆ, "ಚಹಾ ಕುಡಿಯೋಣ್ವಾ?" ಎಂದ.

ಕುಡಿಯೋಣ್ವಾ! ಟೈಲರಮ್ಮನ ಕೈಯ ಲೋಟ ಅರ್ಧದಲ್ಲೇ ನಿಂತಿತು. ಹೊರಡುವಾಗ ಅವನು ಎರಡು ಸಲ ತಡವರಿಸಿ, ಏನನ್ನೋ ನುಂಗಿ, ತಲುಪಿದ ಮೇಲೆ ಫೋನ್ ಮಾಡುತ್ತೇನೆ ಎಂದು ಹೇಳಿ ಹೋದ. ಅಳೆದು ತೂಗಿ ಮಾತಾಡುವ ಗಂಡಸು ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅವಳ ತೀರ್ಮಾನ. ಈ ನಯನಾಜೂಕು ಕಲಿಸಿದವಳು ಯಾರು?

ಇನ್ನೂ ಮಾತು ಬಾರದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಪತ್ತೇದಾರಿಕೆಗೆ ಇಳಿದಳು. ಗಂಡನ ಫೋನು ಗುಂಯ್‌ಗುಟ್ಟಿದರೆ, "ಯಾರು?" ಅವನು ಕನ್ನಡಿ ನೋಡಿ ನಕ್ಕರೆ ಮಗುವಿನ ಕಿವಿಯಲ್ಲಿ, "ಯಾರು ಪುಟ್ಟಿ, ಯಾರು?" ಅವನ ಅಂಗಿಯ ಜೇಬನ್ನೂ ತಿರುಗಿಸಿ ಮೂಸಿದಳು. ಬಣ್ಣದ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ.

ಭಾರೀ ಸಾಕ್ಷಿ ಸಿಕ್ಕಿದ್ದು ಊಟದ ಹೊತ್ತಿಗೆ. ಗಂಡ ಕೈ ತೊಳೆಯಲು ಅಂಗಿಯ ತೋಳು ಮಡಚಿದ. ಕರಡಿಯಂತಿದ್ದ ಮುಂಗೈ ಪಟ್ಟಿಪಟ್ಟಿಯಾಗಿ ಬೋಳಾಗಿತ್ತು!

"ಕೈಗೇನಾಯ್ತು ರೀ?"

"ಅದು... ಕೆಲಸದಲ್ಲಿ ಉದುರಿತು."

ತಲೆಗೂದಲು ಉದುರಿದಾಗ ಊರಿಗೆಲ್ಲ ಕೇಳುವಂತೆ ಗೋಳಾಡಿದ್ದವನು, ಕೈಗೂದಲು ಉದುರಿದ್ದಕ್ಕೆ ನಾಚಿಕೊಳ್ಳುತ್ತಿದ್ದಾನೆ! ಯಾರಿಗಾಗಿ ಈ ಶೃಂಗಾರ? ಟೈಲರಮ್ಮ ಆ ದಿನ ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡಲು ಹೋಗಿ, ಕಾಲು ಹೊರಬರುವ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ಅಳು ಬಂತು. ಅವನು ಕೈಬಿಟ್ಟರೆ ತಾನೂ ಮಗಳೂ ಏನಾಗಬೇಕು ಎಂಬ ದಿಗಿಲು ನಿಜವಾದದ್ದೇ.

ಮರುದಿನ ಮಗುವನ್ನೆತ್ತಿಕೊಂಡು, ಅವನು ಬಣ್ಣ ಬಳಿಯುತ್ತಿದ್ದ ಮನೆಗೇ ನುಗ್ಗಿದಳು. ಒಳಕೋಣೆಯಿಂದ ಗಂಡನ ನರಳಾಟ ಕೇಳಿಸಿತು. "ಮೆಲ್ಲಗೆ, ಸ್ವಲ್ಪ ಮೆಲ್ಲಗೆ..."

ಬಾಗಿಲು ದೂಡಿದಳು. ಗಂಡ ಸ್ಟೂಲಿನ ಮೇಲೆ ತೋಳು ಚಾಚಿ ಕೂತಿದ್ದ. ಅವನ ಜೊತೆ ಕೆಲಸ ಮಾಡುವ ಮುದುಕ, ಕಿಟಕಿಯ ಗಾಜಿಗೆ ಬಣ್ಣ ತಾಗದಂತೆ ಅಂಟಿಸುವ ಟೇಪನ್ನು ಆ ತೋಳಿಗೆ ಅಂಟಿಸಿ ಚರ್ರನೆ ಕಿತ್ತ. ಕೂದಲೂ ಟೇಪಿನ ಜೊತೆಗೇ ಹೋಯಿತು.

ಬಾಯಿ ಬಿಟ್ಟವನು ಮುದುಕನೇ. "ನನ್ನ ಬೈಬೇಡಮ್ಮ. 'ಹೊಡಿ' ಅಂದಾಗೆಲ್ಲ ಒಂದು ಪಟ್ಟಿ ಕಿತ್ತುಬಿಡು ಅಂತ ಇವನೇ ಹೇಳಿರೋದು. ಮಗಳು ಇವತ್ತೋ ನಾಳೆನೋ ಮಾತಾಡ್ತಾಳಂತೆ. ಮೊದಲ ಮಾತು 'ಅಪ್ಪ' ಅಂತ ಬರಬೇಕಂತೆ, 'ಹೊಡಿ' ಅಂತ ಬರಬಾರದಂತೆ."

ಗಂಡ ತಲೆ ತಗ್ಗಿಸಿದ. "ನಿನಗೆ ಹೇಳಿದ್ರೆ ಬಟ್ಟೆ ಕೊಡೋಕೆ ಬಂದೋರಿಗೆಲ್ಲ ಹೇಳ್ತೀಯ ಅಂತ ಸುಮ್ಮನಿದ್ದೆ."

ಟೈಲರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೋದ ಜೀವ ಬಂದಂತೆಯೂ ಆಯಿತು. ಆ ಬೋಳು ತೋಳಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ, ಮಗಳನ್ನು ಅವನ ಮುಂದೆ ಹಿಡಿದು, ನೋಡು ಪುಟ್ಟಿ ನೋಡು ಎಂದು ಮುದ್ದಿಸಿದಳು.

ಮಗು ಅಪ್ಪನನ್ನು ಮೇಲಿಂದ ಕೆಳಗೆ ನೋಡಿತು. ತಾಯಿಯ ಹಾಗೆಯೇ ಹುಬ್ಬು ಗಂಟಿಕ್ಕಿತು. ಪುಟ್ಟ ಬೆರಳನ್ನು ಅವನ ಮುಖಕ್ಕೆ ಚಾಚಿ, ತನ್ನ ಜೀವಮಾನದ ಮೊತ್ತಮೊದಲ ಮಾತನ್ನು ಆಡಿತು.

"ಯಾಲು?"

ಗಂಡ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಮುದುಕನ ಕೈಯಿಂದ ಟೇಪಿನ ಸುರುಳಿ ತೆಗೆದುಕೊಂಡು ಒಂದು ಪಟ್ಟಿ ಹರಿದ.

"ಕೈ ಚಾಚು."

ಟೈಲರಮ್ಮ ಯಾಕೆ ಎಂದೂ ಕೇಳದೆ ಚಾಚಿದಳು.