ಕಾಕಾನ ಬೈಕಿನ ರೊಟ್ಟಿ

ಜೋಳದ ರೊಟ್ಟಿ ಇರುವುದು ತಿನ್ನುವುದಕ್ಕಲ್ಲ, ಬೈಕಿಗೆ ಕಟ್ಟುವುದಕ್ಕೆ ಎಂದು ನಂಬಿದ ಮನುಷ್ಯ ಇಡೀ ಧಾರವಾಡದಲ್ಲಿ ನಮ್ಮ ಕಾಕಾ ಒಬ್ಬನೇ!

ಚಳಿಗಾಲ ಬಂತೆಂದರೆ ಮಾಳಮಡ್ಡಿಯ ಅವನ ಮನೆಯಲ್ಲಿ ಬೆಳಿಗ್ಗೆ ಆರಕ್ಕೇ ಒಲೆ ಹೊತ್ತುತ್ತದೆ. ಐದು ಲೀಟರಿನ ಎರಡು ಎಣ್ಣೆ ಡಬ್ಬಿಗಳನ್ನು ಅರ್ಧಕ್ಕೆ ಕೊಯ್ದು ಹ್ಯಾಂಡಲಿನ ಎರಡೂ ತುದಿಗೆ ಬಿಗಿದಿದ್ದಾನೆ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದೊಂದು ಡಬ್ಬಿಯೊಳಗೆ ಕಟ್ಟಿ, ಅದರೊಳಗೆ ಕೈ ತೂರಿಸಿ ಹೊರಡುತ್ತಾನೆ. "ರೊಟ್ಟಿ ನಿಮಗೆಷ್ಟು ಬಡೀಲಿ, ಗಾಡಿಗೆಷ್ಟು ಬಡೀಲಿ?" ಎಂದು ಅವನ ಹೆಂಡತಿ, ನಮ್ಮ ಕಾಕು, ದಿನಾ ಕೇಳುತ್ತಾಳೆ. ನಾನು ಉಣ್ಣೆಯ ಕೈಗವಸು ತಂದುಕೊಟ್ಟೆ. ಹಾಕಿಕೊಂಡರೆ ಕ್ಲಚ್ ಹಿಡಿದದ್ದೇ ತಿಳಿಯುವುದಿಲ್ಲವಂತೆ. ಬಿಸಿ ಪಾತ್ರೆ ಇಳಿಸಲು ಕಾಕುಗೆ ಕೊಟ್ಟುಬಿಟ್ಟ. ಇಂಥವನಿಗೆ ಏನು ಹೇಳೋಣ?

ಆದರೆ ಈ ಉಸಾಬರಿ ಅವನ ಕೈಯ ಸುಖಕ್ಕಲ್ಲ. ಅಮ್ಮಿನಬಾವಿಯಲ್ಲಿ ಅವನ ಅಕ್ಕ, ಅಂದರೆ ನನ್ನ ಸೋದರತ್ತೆ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ. ಮಾತು ಹೋಗಿದೆ, ಎಡಗೈ ಒಂದು ಉಳಿದಿದೆ. ಅಂಗಳದಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ಆ ಕೈ ಚಾಚುತ್ತಾಳೆ. ಕಾಕಾ ಅದನ್ನು ಹಿಡಿದುಕೊಂಡ ಮೇಲೆಯೇ ಅಂಬಲಿಗೆ ಬಾಯಿ ತೆರೆಯುವುದು. ಅವನ ಕೈ ತಣ್ಣಗಿದ್ದರೆ ಆಕೆಯ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಮೊದಲು ಅಲ್ಲಿಯ ಒಲೆ ಮುಂದೆ ಕೈ ಕಾಸಿಕೊಂಡು ಆಕೆಯ ಬಳಿ ಹೋಗಬಾರದೇ ಎನ್ನುತ್ತೀರಾ? ಅಷ್ಟು ಹೊತ್ತು ಅಕ್ಕನ ಕೈ ಬರಿದೇ ಚಾಚಿಕೊಂಡಿರುವುದನ್ನು ಅವನು ನೋಡಲಾರ.

ಹೋದ ಚಳಿಗಾಲದಲ್ಲಿ ಒಮ್ಮೆ ನಾನೂ ಹಿಂದೆ ಕೂತು ಹೋದೆ. ಊರು ಇನ್ನೊಂದು ಮೈಲು ಇದೆ ಎನ್ನುವಾಗ ರೊಟ್ಟಿಯ ವಾಸನೆಗೆ ನಾಲ್ಕು ನಾಯಿ ಬೆನ್ನು ಹತ್ತಿದವು. ಒಂದು ನನ್ನ ಕಾಲಿಗೇ ಬಾಯಿ ಹಾಕಲು ಬಂತು. ಕಾಕಾ ಗಾಡಿ ನಿಲ್ಲಿಸಿ ಎರಡೂ ರೊಟ್ಟಿ ಕಿತ್ತು ಎಸೆದ. ಅವನ ಬಿಸಿಯನ್ನೆಲ್ಲ ತಿಂದು ಬಾಲ ಅಲ್ಲಾಡಿಸಿದವು ನೋಡಿ! ನಾನು ನಕ್ಕೆ. ಅವನು ನಗಲಿಲ್ಲ. ಉಳಿದ ದಾರಿಯುದ್ದಕ್ಕೂ ಎಡಗೈಯನ್ನು ಆಗಾಗ ಕಂಕುಳಲ್ಲಿ ಒತ್ತಿಕೊಂಡು, ಒಂದೇ ಕೈಯಲ್ಲಿ ಬೈಕ್ ಓಡಿಸಿದ. ನನಗೋ ಜೀವ ಬಾಯಿಗೆ ಬಂದಿತ್ತು.

ನಾವು ಒಳಗೆ ಹೋದಾಗ ಅತ್ತೆಯ ಕೈ ಚಾಚಿಯೇ ಇತ್ತು. ಕಾಕಾ ಬಾಗಿಲಲ್ಲೇ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅಕ್ಕಾ, ಸ್ವಲ್ಪ ತಡಿ. ಇವತ್ತ ಕೈ ಭಾಳ ಥಂಡಿ ಆಗ್ಯಾವ."

ಆಕೆ ಕೈ ಇಳಿಸಲಿಲ್ಲ. ಇನ್ನಷ್ಟು ಮುಂದಕ್ಕೆ ಚಾಚಿದಳು. ದಾರಿಯಲ್ಲಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಕೊನೆಗೆ ಕಾಕಾ ಹೋಗಿ ಹಿಡಿದ. ಅತ್ತೆಯ ಮೈ ಸೆಟೆದುಕೊಂಡಿತು, ಹಲ್ಲು ಕಚ್ಚಿದಳು, ಆದರೆ ಬಿಡಲಿಲ್ಲ. ಅವನ ಕೈಯನ್ನು ಮೆಲ್ಲಗೆ ತಾನು ಹೊದ್ದ ಕೌದಿಯೊಳಗೆ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಮತ್ತೆ ಹೊರಗೆ ಕೈ ಚಾಚಿ, ಅವನ ಇನ್ನೊಂದು ಕೈಯನ್ನು ಕೇಳಿದಳು.